ಸಾಲಿಗೆ ಹೊರಟ ಸಾಲು

ಏಪ್ರಿಲ್ ಬಿಸಿಲಿನಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ ಓಣಿಯ ಅವೇ ಬಾಗಿಲುಗಳನ್ನು ಬಡಿಯುತ್ತಿದ್ದರು. ಮೊದಲು ಭುವನೇಶ್ವರಿ ಹೋಗಿ, "ನಿಮ್ಮ ಹುಡುಗೂರ್ನ ನಮ್ಮ ಸರಕಾರಿ ಸಾಲಿಗೆ ಹಚ್ರಿ" ಎಂದು ಹೇಳಿ ಬರುತ್ತಿದ್ದಳು. ಆಕೆ ಕಟ್ಟೆ ಇಳಿದು ಮುಂದಿನ ಮನೆ ಸೇರುವಷ್ಟರಲ್ಲಿ ಆಕೆಯ ಗಂಡ ಸಂಗಣ್ಣ ಅದೇ ಕಟ್ಟೆ ಹತ್ತಿ, "ಇಂಗ್ಲಿಷ್ ಸಾಲಿ ಐತ್ರಿ, ಮನಿ ಬಾಗಲಿಗೇ ವ್ಯಾನ್ ಬರ್ತೈತಿ" ಎನ್ನುತ್ತಿದ್ದ. ಆಕೆ ಹೆದ್ದಾರಿಯಾಚೆಯ ಸರಕಾರಿ ಶಾಲೆಯಲ್ಲಿ ಅತಿಥಿ ಶಿಕ್ಷಕಿ. ಅವನು ಬಸಂತರಾಯರ ಖಾಸಗಿ ಶಾಲೆಯ ಹಳದಿ ವ್ಯಾನು ಓಡಿಸುವವನು. ಆಕೆಗೆ ತರಗತಿ ತುಂಬಬೇಕಿತ್ತು, ಅವನಿಗೆ ವ್ಯಾನು ತುಂಬಬೇಕಿತ್ತು, ತುಂಬಲು ಇದ್ದವರು ಅದೇ ಮಕ್ಕಳು.

ಮಧ್ಯಾಹ್ನ ಇಬ್ಬರೂ ಬೆವರು ಒರೆಸಿಕೊಳ್ಳುತ್ತ ಬಂದು ಒಂದೇ ಪಡಸಾಲೆಯಲ್ಲಿ ಊಟಕ್ಕೆ ಕೂಡುತ್ತಿದ್ದರು. ಬಡಿಸುವವಳು ಸಂಗಣ್ಣನ ತಾಯಿ ಶೇವಂತೆವ್ವ.

"ಮುಮ್ತಾಜ ಏನಂದ್ಲು?" ರೊಟ್ಟಿಯ ಮೇಲೆ ಪುಂಡಿಪಲ್ಯ ಹಾಕುತ್ತ ಶೇವಂತೆವ್ವ ಸೊಸೆಯನ್ನು ಕೇಳಿದಳು.

"ಆತ್ರಿ ಟೀಚರ್ರ, ಹಚ್ತೇನಿ ಅಂದ್ಲು."

ಸಂಗಣ್ಣ ನಕ್ಕ. "ನನಗೂ ಆತ್ರಿ ಅಣ್ಣಾರ ಅಂದ್ಲು."

"ಹಂಗಾರ ಹುಡುಗೂರ್ನ ನಡಬರಕ ಕೊಯ್ದು ಅರ್ಧರ್ಧ ಕೊಡ್ತಾಳೇನ?" ಎಂದಳು ಶೇವಂತೆವ್ವ. ಯಾರೂ ನಗಲಿಲ್ಲ.

ನಗುವ ಹೊತ್ತೂ ಆಗಿರಲಿಲ್ಲ. ಸಿಂದಗಿಯಿಂದ ಮೋರಟಗಿ ಕಡೆಗೆ ಹೋಗುವ ಹೆದ್ದಾರಿಯ ಈಚೆ ಬದಿಗೆ ವರ್ಷ ವರ್ಷವೂ ಹೊಸ ಪ್ಲಾಟುಗಳು ಬೀಳುತ್ತಿದ್ದವು. ಹಳ್ಳಿ ಬಿಟ್ಟು ಬಂದವರು ಮನೆ ಕಟ್ಟುತ್ತಿದ್ದರು. ಆದರೆ ಊರು ಬೆಳೆದಷ್ಟೂ ಹೆದ್ದಾರಿಯಾಚೆಯ ಸರಕಾರಿ ಶಾಲೆ ಸಣ್ಣದಾಗುತ್ತ ಬಂದಿತ್ತು. ಹಿಂದಿನ ವರ್ಷ ಒಂದನೆಯ ತರಗತಿಗೆ ಒಂದು ಚಾಪೆ ಸಾಕಾಗಿತ್ತು. ಈ ಸಲವೂ ಹಾಗೇ ಆದರೆ ಊರಿನ ಇನ್ನೊಂದು ತುದಿಯ ಶಾಲೆಯೊಳಗೆ ಇದನ್ನು ಕೂಡಿಸಿಬಿಡುತ್ತೇವೆ ಎಂದು ಮೇಲಿನ ಆಫೀಸಿನವರು ಹೆಡ್‌ಮಾಸ್ತರ ಗೈಬುಸಾಬರಿಗೆ ಹೇಳಿದ್ದರು. ಶಾಲೆ ಹೋದರೆ ಭುವನೇಶ್ವರಿಯ ಕೆಲಸವೂ ಹೋಗುತ್ತಿತ್ತು. ಆದರೆ ಆಕೆಯ ಚಿಂತೆ ಅದೊಂದೇ ಅಲ್ಲ.

"ಅತ್ತಿ, ಹೋದ ಮನ್ಯಾಗೆಲ್ಲ ಒಂದ ಮಾತು ಕೇಳ್ತಾರ. ನಿಮ್ಮ ಮಗಳು ಯಾವ ಸಾಲಿಗೆ ಹೋಗ್ತಾಳ್ರಿ ಅಂತ. ನಾ ತೆಲಿ ಕೆಳಗ ಹಾಕ್ಕೊಂಡ ಬರ್ತೇನಿ."

ಆರು ವರ್ಷದ ಭಾಗ್ಯಾ ತಂದೆಯ ವ್ಯಾನಿನಲ್ಲೇ ಎರಡು ವರ್ಷ ಹೋಗಿ ಬಂದವಳು. ಡ್ರೈವರನ ಮಗಳೆಂದು ಬಸಂತರಾಯರು ಫೀ ಬಿಟ್ಟಿದ್ದರು.

"ಅದರಾಗ ನಾಚೂದೇನೈತಿ?" ಎಂದ ಸಂಗಣ್ಣ. "ನಾ ಸರಕಾರಿ ಸಾಲ್ಯಾಗ ಏಳನೇತ್ತಾ ತನಕ ಕಲ್ತು ಸ್ಟೇರಿಂಗ್ ಹಿಡದೇನಿ. ನನ್ನ ಮಗಳು ಇಂಗ್ಲಿಷ್ ಮಾತಾಡಬೇಕು."

"ಸಾಲಿ ನಿನ್ನ ಬಿಡಸಲಿಲ್ಲೋ, ಕುರಿ ಬಿಡಸಿದ್ವು" ಎಂದಳು ಶೇವಂತೆವ್ವ.

ಕುರಿಯ ಮಾತು ಬಂದರೆ ಸಂಗಣ್ಣನ ಮುಖ ಗಂಟಾಗುತ್ತಿತ್ತು. ಅವನು ತಾಟಿನಲ್ಲೇ ಕೈ ತೊಳೆದು ಎದ್ದು ಹೋದ.

ಶೇವಂತೆವ್ವ ಹುಟ್ಟಿದ್ದು ಹಿಂಡಿನ ನಡುವೆ, ಗಂಡನ ಮನೆಗೆ ಬಂದದ್ದೂ ಹಿಂಡಿಗೆ. ಸುಗ್ಗಿ ಮುಗಿದ ಮೇಲೆ ಭೀಮಾ ನದಿಯ ದಂಡೆಯಿಂದ ಕೃಷ್ಣೆಯ ದಂಡೆಯವರೆಗೆ ಕುರಿ ಹೊಡೆದುಕೊಂಡು ಹೋಗಿ, ರೈತರ ಹೊಲಗಳಲ್ಲಿ ಗೊಬ್ಬರಕ್ಕೆಂದು ಹಿಂಡು ನಿಲ್ಲಿಸಿ, ಜೋಳ ಸಂಪಾದಿಸಿ ತಿರುಗಿ ಬರುವುದು ಅವರ ಬದುಕಾಗಿತ್ತು. ಗಂಡ ತೀರಿಕೊಂಡ ಮೇಲೆ ಹಿಂಡು ಮಾರಿ ಈ ಪ್ಲಾಟು ಹಿಡಿದಳು. ಮನೆಯೇನೋ ಚೆನ್ನಾಗಿತ್ತು, ನಲ್ಲಿ ಇತ್ತು, ಫ್ಯಾನ್ ಇತ್ತು. ಆದರೆ ಬೆಳಗಾದರೆ ಎಲ್ಲಿಗೂ ಹೋಗಬೇಕಾಗಿಲ್ಲ ಎನ್ನುವುದು ಮಾತ್ರ ಆಕೆಗೆ ಇನ್ನೂ ರೂಢಿಯಾಗಿರಲಿಲ್ಲ.

ಮರುದಿನ ಸಂಜೆ ಆಕೆ ತಲೆಯ ಮೇಲೆ ಸೆರಗು ಹೊದ್ದು ಸೊಸೆಯ ಜೊತೆ ಹೊರಟಳು. "ನೀ ಪುಸ್ತಕದ ಮಾತ ಹೇಳು. ನಾ ಸುಮ್ನ ಕುಂದರ್ತೇನಿ" ಎಂದಳು. ಸುಮ್ಮನೆ ಕೂತವಳಿಗೆ ಮಂದಿ ನಿಜ ಹೇಳುತ್ತಾರೆ. ಮುಮ್ತಾಜ ಮೊದಲು ಇಂಗ್ಲಿಷಿನ ಮಾತು ತೆಗೆದಳು, ಆಮೇಲೆ ಚಹಾ ಕೊಟ್ಟಳು, ಚಹಾ ಆರುವಷ್ಟರಲ್ಲಿ ಬೇರೆಯೇ ಮಾತು ಬಂತು.

"ಆ ರೋಡ್ ನೋಡ್ರಿ ಅವ್ವಾ. ಲಾರಿ ಮ್ಯಾಲ ಲಾರಿ. ನಾ ಎಂಟಕ್ಕ ರೊಟ್ಟಿ ಕೇಂದ್ರಕ್ಕ ಹೋಗಿ ರೊಟ್ಟಿ ಬಡೀಬೇಕು. ಇವರಪ್ಪ ನಸುಕಿನ್ಯಾಗ ವೆಲ್ಡಿಂಗ್ ಕೆಲಸಕ್ಕ ಹೊಕ್ಕಾರ. ನನ್ನ ಅಫ್ರೋಜ ಇಷ್ಟೈತಿ ಹುಡುಗಿ, ಆ ರೋಡ್ ಹೆಂಗ ದಾಟ್ತಾಳ್ರಿ? ನನಗ ಇಂಗ್ಲಿಷ್ ಬೇಕಾಗಿಲ್ರಿ. ವ್ಯಾನ್ ಬೇಕಾಗೈತಿ."

ಮುಂದಿನ ಮನೆಯಲ್ಲೂ ಅದೇ. ಅದರ ಮುಂದಿನ ಮನೆಯಲ್ಲೂ ಅದೇ. ಗಾರೆ ಕೆಲಸದವರು, ಹಮಾಲರು, ಗಾಡಿ ಮೇಲೆ ಬಳೆ ಮಾರುವವರು, ಎಲ್ಲರೂ ಶಾಲೆಯ ಬಗ್ಗೆ ಮಾತು ಶುರು ಮಾಡಿ ರೋಡಿನ ಬಗ್ಗೆ ಮುಗಿಸಿದರು.

ಮನೆಗೆ ಬರುವ ದಾರಿಯಲ್ಲಿ ಶೇವಂತೆವ್ವ ಹೆದ್ದಾರಿಯ ಅಂಚಿಗೆ ಹೋಗಿ ನಿಂತಳು. ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಬಹಳ ಹೊತ್ತು ನಿಂತಿದ್ದಳು. ಭುವನೇಶ್ವರಿಗೆ ಗಾಬರಿಯಾಯಿತು. "ಅತ್ತಿ, ಮನಿಗೆ ಹೋಗೂಣ ನಡ್ರಿ."

"ನಡಿ" ಎಂದಳು ಶೇವಂತೆವ್ವ. ಆಕೆಯ ಹೆಜ್ಜೆ ಮಾತ್ರ ಎಂದಿಗಿಂತ ಬೇಗ ಬೀಳುತ್ತಿತ್ತು.

ಬೆಳಿಗ್ಗೆ ಚಹಾದ ಹೊತ್ತಿಗೆ ಆಕೆ ಮಗನಿಗೆ ಹೇಳಿದಳು. "ನಾ ದಾಟಸ್ತೇನಿ."

"ಏನ್ ದಾಟಸ್ತಿ?"

"ಹುಡುಗೂರ್ನ. ಮುಂಜಾನೆ ಸಾಲಿಗೆ ಮುಟ್ಟಸ್ತೇನಿ, ಸಂಜಿಗೆ ಕರ್ಕೊಂಡ ಬರ್ತೇನಿ. ಸೋಲಾಪುರ ರೋಡ್ ಮ್ಯಾಲ ಇಡೀ ಹಿಂಡು ದಾಟಿಸಿದಾಕಿ ನಾ. ಒಂದ ಮರಿ ಕಾಲು ಮುರದಿಲ್ಲ."

"ಯವ್ವಾ, ಅವು ಕುರಿ ಅಲ್ಲ."

"ಅಲ್ಲ. ಮಾತ ತಿಳಿತಾವ. ಅಷ್ಟ ಹಗರ ಆತು."

ಸಂಗಣ್ಣ ಕಪ್ಪು ಕೆಳಗಿಟ್ಟ. "ನನ್ನ ತಾಯಿ ಕೋಲ ಹಿಡ್ಕೊಂಡ ಹೆದ್ದಾರಿ ಮ್ಯಾಲ ನಿಂತ್ರ ಮಂದಿ ಏನಂದಾರು?"

"ಕುರಿ ಕಾಯಾಕಿ ಅಂದಾರು. ಅಲ್ಲೇನ ನಾ?"

"ಇಷ್ಟ ವರ್ಷ ಆ ಹೆಸರು ಹೋಗ್ಲಿ ಅಂತ ದುಡದೇನಿ ನಾ."

"ನನಗ ಆ ಹೆಸರು ಹೊರಿ ಆಗಿಲ್ಲಪಾ" ಎಂದಳು ಶೇವಂತೆವ್ವ.

ಆಗ ಭುವನೇಶ್ವರಿ ಒಲೆಯ ಮುಂದಿನಿಂದ ಎದ್ದು ಬಂದಳು. ಆಕೆ ಎಂದೂ ಗಂಡನ ಎದುರು ನಿಂತು ಮಾತಾಡಿದವಳಲ್ಲ. "ಭಾಗ್ಯಾನ ಹೆಸರು ನಾಳೆ ನಮ್ಮ ಸಾಲ್ಯಾಗ ಹಚ್ತೇನ್ರಿ. ಅತ್ತಿ ದಾಟಸೂ ಸಾಲಿನ್ಯಾಗ ಮೊದಲ ಹುಡುಗಿ ನನ್ನ ಮಗಳ ಆಗಬೇಕು. ಇಲ್ಲಂದ್ರ ನಾ ಯಾರ ಮನಿ ಬಾಗಲಿಗೂ ಹೋಗೂದಿಲ್ಲ."

"ಫೀ ಬಿಟ್ಟ ಸೀಟು ಅದು" ಎಂದ ಸಂಗಣ್ಣ.

"ಬ್ಯಾರೆಯವರಿಗೆ ಕೊಡಾಕ ಹೇಳ್ರಿ."

ಸಂಗಣ್ಣ ಅಂದು ಮನೆಯಲ್ಲಿ ಊಟ ಮಾಡಲಿಲ್ಲ.

ಶಾಲೆ ಶುರುವಾದ ದಿನ ಶೇವಂತೆವ್ವನ ಹಿಂದೆ ಇದ್ದವರು ಒಂದು ಕೈಯಲ್ಲಿ ಎಣಿಸುವಷ್ಟು ಮಕ್ಕಳು: ಭಾಗ್ಯಾ, ಅಫ್ರೋಜ, ಗಾರೆಯವನ ಇಬ್ಬರು, ಬಳೆಯವಳ ಮಗ. ಓಣಿಯ ಮಂದಿ ಬಾಗಿಲಲ್ಲಿ ನಿಂತು ನೋಡಿದರು. ಶೇವಂತೆವ್ವ ಗಟ್ಟಿ ಕಾಲಿನವನನ್ನು ಮುಂದೆ ಹಾಕಿದಳು, ಸಣ್ಣವರನ್ನು ನಡುವೆ, ಚಿಕ್ಕವಳಾದರೂ ಜೋಕೆಯುಳ್ಳ ಅಫ್ರೋಜಳನ್ನು ಹಿಂದೆ. ಭಾಗ್ಯಾ ಅಜ್ಜಿಯ ಕೈ ಹಿಡಿಯಲು ಬಂದಳು.

"ಆಯಿ, ನಾ ನಿನ್ನ ಜೋಡಿ."

"ಇಲ್ಲಿ ಎಲ್ಲಾರೂ ನನ್ನ ಜೋಡಿನ. ಹೋಗು, ಸಾಲಿನ್ಯಾಗ ನಿಂದರು."

ಹೆದ್ದಾರಿಯ ಅಂಚಿನಲ್ಲಿ ಆಕೆ ಮಕ್ಕಳಿಗೆ ಒಂದೇ ಪಾಠ ಹೇಳಿದಳು. "ಗಾಡಿ ನೋಡಬ್ಯಾಡ್ರಿ. ಡ್ರೈವರನ ಮಾರಿ ನೋಡ್ರಿ. ಅಂವ ನಮ್ಮನ್ನ ನೋಡ್ಯಾನ ಅಂತ ಖಾತ್ರಿ ಆದ ಮ್ಯಾಲ ಕಾಲ ಇಡ್ರಿ." ಆಮೇಲೆ ಕೋಲು ಎತ್ತಿ ರಸ್ತೆಗೆ ಇಳಿದಳು. ದೂರದಿಂದ ಬಂದ ಲಾರಿಯೊಂದು ಹಾರ್ನ್ ಬಾರಿಸಿತು. ಶೇವಂತೆವ್ವ ಅಲುಗಲಿಲ್ಲ, ಡ್ರೈವರನ ಮುಖವನ್ನೇ ನೋಡುತ್ತ ನಿಂತಳು. ಲಾರಿ ನಿಧಾನವಾಗಿ ನಿಂತಿತು. "ಹುರ್ರ್, ನಡೀರಿ" ಎಂದಳು. ಮಕ್ಕಳು ನಗುತ್ತ ದಾಟಿದರು.

ಮೊದಲ ವಾರ ಜನ ನಕ್ಕರು. ಎರಡನೆಯ ವಾರ ನೋಡಿದರು. ಮೂರನೆಯ ವಾರ ಒಬ್ಬೊಬ್ಬರೇ ಮಕ್ಕಳ ಕೈ ಹಿಡಿದು ಆಕೆಯ ಕಟ್ಟೆಗೆ ಬಂದರು. "ಅವ್ವಾ, ನಮ್ಮ ಹುಡುಗೂ ಬರ್ತೈತಿ ನಾಳೆಯಿಂದ." ಮುಮ್ತಾಜ ರೊಟ್ಟಿ ಕೇಂದ್ರದಲ್ಲಿ ಬಡಿಯುವ ರೊಟ್ಟಿಯೊಂದಿಗೆ ಈ ಸುದ್ದಿಯನ್ನೂ ಬಡಿದು ಹಬ್ಬಿಸಿದ್ದಳು. ಭುವನೇಶ್ವರಿ ಶಾಲೆಯಿಂದ ಬಂದು ಅತ್ತೆಗೆ ಹೇಳುತ್ತಿದ್ದಳು, "ಇವತ್ತ ಇನ್ನೊಂದ ಚಾಪಿ ಹಾಸಿದ್ವಿ." ಆ ದಿನ ಸೊಸೆಯ ತಾಟಿಗೆ ಬೆಣ್ಣೆ ಹೆಚ್ಚು ಬೀಳುತ್ತಿತ್ತು.

ಸಂಗಣ್ಣನ ವ್ಯಾನಿನಲ್ಲಿ ಸೀಟುಗಳು ಖಾಲಿಯಾಗತೊಡಗಿದವು. ಒಂದು ಭಾನುವಾರ ಬಸಂತರಾಯರೇ ಮನೆಗೆ ಬಂದರು. ಕೆಟ್ಟ ಮನುಷ್ಯರಲ್ಲ. ಹೊರಸಿನ ಮೇಲೆ ಕೂತರು, ಚಹಾ ಕುಡಿದರು, ಭಾಗ್ಯಾಳ ತಲೆ ಸವರಿದರು.

"ಶೇವಂತೆವ್ವಾರ, ನಿಮ್ಮ ಕೆಲಸ ಇಡೀ ಊರು ಹೊಗಳಾಕತ್ತೈತ್ರಿ. ನಮ್ಮ ವ್ಯಾನಿನ್ಯಾಗ ಆಯಾ ಅಂತ ಬಂದ ಬಿಡ್ರಿ. ತಿಂಗಳಾ ಪಗಾರ ಕೊಡ್ತೇನಿ. ಬಿಸಲಾಗ ನಿಂದ್ರೂದ ಬ್ಯಾಡ, ಗಾಡ್ಯಾಗ ಕುಂತ ಬಂದ್ರಾತು."

ಸಂಗಣ್ಣ ತಾಯಿಯ ಮುಖ ನೋಡಿದ. ಆಸೆಯಿಂದ ನೋಡಿದ.

"ನನ್ನ ಹುಡುಗೂರು?" ಎಂದು ಕೇಳಿದಳು ಶೇವಂತೆವ್ವ.

"ಅವೂ ಬರ್ಲಿ ನಮ್ಮ ಸಾಲಿಗೆ."

"ಫೀ?"

"ಫೀ ಇದ್ದದ್ದ ಇರ್ತೈತ್ರಿ. ಸಾಲಿ ನಡೀಬೇಕಲ್ರಿ."

"ಹಂಗಾರ ಅರ್ಧ ಮಕ್ಕಳು ದಂಡಿ ಮ್ಯಾಲ ಉಳಿತಾವ" ಎಂದಳು ಶೇವಂತೆವ್ವ. "ಅರ್ಧ ಹಿಂಡು ಹಿಂದ ಬಿಟ್ಟ ಬಂದ ರೂಢಿ ನನಗಿಲ್ರಿ ಸಾವಕಾರ್ರ. ಚಹಾ ಇನ್ನೊಂದೀಟ ತಗೋರಿ."

ಬಸಂತರಾಯರು ನಕ್ಕು ಎದ್ದರು. ಆದರೆ ಹೊರಗೆ ಗೇಟಿನ ಹತ್ತಿರ ಸಂಗಣ್ಣನಿಗೆ ಹೇಳಿದ ಮಾತಿನಲ್ಲಿ ನಗು ಇರಲಿಲ್ಲ. "ವ್ಯಾನ್ ತುಂಬಸೂದು ನಿನ್ನ ಜವಾಬ್ದಾರಿ ಸಂಗಣ್ಣ. ಅದು ನಿಮ್ಮ ಮನಿಯಿಂದನ ಖಾಲಿ ಆಗಾಕತ್ತೈತಿ. ನೋಡ್ಕೋ."

ಅಂದಿನಿಂದ ಸಂಗಣ್ಣ ತಾಯಿಯ ಜೊತೆ ಮಾತು ಬಿಟ್ಟ. ಬಸ್‌ಸ್ಟ್ಯಾಂಡಿನ ಖಾನಾವಳಿಯಲ್ಲಿ ಊಟ ಮಾಡಿ ಬರುತ್ತಿದ್ದ. ಮನೆಯಲ್ಲಿ ನಾಲ್ವರಿದ್ದರೂ ಮೂವರ ತಾಟಿನ ಸಪ್ಪಳವೇ ಕೇಳುತ್ತಿತ್ತು. ಶೇವಂತೆವ್ವ ದಿನವೂ ಅವನ ಪಾಲಿನ ರೊಟ್ಟಿ ಮುಚ್ಚಿಡುತ್ತಿದ್ದಳು, ಬೆಳಿಗ್ಗೆ ಅದನ್ನೇ ಮೊಸರಿನಲ್ಲಿ ನೆನೆಸಿ ತಾನು ತಿನ್ನುತ್ತಿದ್ದಳು.

ಒಂದು ದಿನ ಭುವನೇಶ್ವರಿಯೇ ಸೋತಳು. "ಅತ್ತಿ, ಅವರ ಪಗಾರದ ಮ್ಯಾಲ ಮನಿ ನಡೀತೈತಿ. ನಂದು ಬಂದ್ರ ಬಂತು, ಇಲ್ಲಂದ್ರ ಇಲ್ಲ. ಬಿಟ್ಟ ಬಿಡೂಣೇನ್ರಿ?"

ಶೇವಂತೆವ್ವ ಜೋಳ ಹಸನು ಮಾಡುತ್ತ ಕೂತಿದ್ದಳು. "ರೋಡಿನ ನಡುವ ನಿಂತ ಮ್ಯಾಲ ತಿರುಗಿ ಹೋಗಬಾರದವ್ವಾ. ಹಿಂದ ಹೋದ್ರನ ಗಾಡಿ ಬಡಿತೈತಿ. ದಾಟೇ ಬಿಡಬೇಕು."

ಜುಲೈ ತಿಂಗಳಲ್ಲಿ ಮಳೆ ಹಿಡಿಯಿತು. ರಾತ್ರಿಯಿಡೀ ಸುರಿದು ಬೆಳಗಾದರೂ ಬಿಡಲಿಲ್ಲ. ಹೊಸ ಪ್ಲಾಟಿನ ರಸ್ತೆಗಳೆಲ್ಲ ನಿನ್ನೆ ಮೊನ್ನೆಯವರೆಗೆ ತೊಗರಿ ಬೆಳೆದ ಎರೆ ಹೊಲಗಳೇ. ನೀರು ಕುಡಿದ ಎರೆ ಮಣ್ಣು ಎತ್ತನ್ನೂ ಬಿಡುವುದಿಲ್ಲ, ಗಾಲಿಯನ್ನೂ ಬಿಡುವುದಿಲ್ಲ. ಶೇವಂತೆವ್ವ ಕಂಬಳಿ ಕೊಪ್ಪೆ ಹಾಕಿಕೊಂಡು ಹೊರಟಳು. ಮಕ್ಕಳು ಗೊಬ್ಬರದ ಚೀಲವನ್ನೇ ಕೊಪ್ಪೆಯಾಗಿ ಮಡಚಿ ತಲೆಗೆ ಹೊದ್ದು ಬರಿಗಾಲಿನಲ್ಲಿ ಸಾಲಿಗೆ ಬಂದು ಸೇರಿದರು. ಒಂದು ಮಗುವೂ ತಪ್ಪಿರಲಿಲ್ಲ.

ಓಣಿಯ ತಿರುವಿನಲ್ಲಿ ಹಳದಿ ವ್ಯಾನು ನಿಂತಿತ್ತು. ನಿಂತಿತ್ತು ಎನ್ನುವುದಕ್ಕಿಂತ ಕೂತಿತ್ತು. ಹಿಂದಿನ ಗಾಲಿಗಳು ಅರ್ಧಕ್ಕೂ ಹೆಚ್ಚು ಕೆಸರೊಳಗೆ ಹೋಗಿದ್ದವು. ಸಂಗಣ್ಣ ಮೊಣಕಾಲವರೆಗೆ ರಾಡಿಯಾಗಿ ಗಾಲಿಯ ಕೆಳಗೆ ಕಲ್ಲು ತುರುಕುತ್ತಿದ್ದ. ಒಳಗೆ ಮಕ್ಕಳು ಗಾಜಿಗೆ ಮುಖ ಒತ್ತಿ ಅಳುತ್ತಿದ್ದರು.

ಶೇವಂತೆವ್ವ ಸಾಲನ್ನು ನಿಲ್ಲಿಸಿದಳು. ತಿಂಗಳ ಮೇಲೆ ಮೊದಲ ಸಲ ಮಗನನ್ನು ಮಾತಾಡಿಸಿದಳು. "ಎಷ್ಟೊತ್ತಾತೋ?"

ಸಂಗಣ್ಣ ತಲೆ ಎತ್ತಲಿಲ್ಲ. "ಭಾಳೊತ್ತಾತು. ಟ್ರ್ಯಾಕ್ಟರಿನವಂಗ ಹೇಳೇನಿ. ಈ ರಾಡ್ಯಾಗ ಅದೂ ಬರೂದಿಲ್ಲಂತ."

"ಸಾಲಿಗೆ ಫೋನ್ ಹಚ್ಚಿದಿ?"

"ಕಾಯಿ ಅಂದ್ರು."

"ಇವರ ಮನ್ಯಾಗ?"

"ಎಲ್ಲಾರೂ ಕೆಲಸಕ್ಕ ಹೋಗ್ಯಾರ. ಕೀಲಿ ಹಾಕ್ಯಾರ."

"ಇಳಸು" ಎಂದಳು ಶೇವಂತೆವ್ವ.

"ಯವ್ವಾ, ಇವು ಬ್ಯಾರೆ ಸಾಲಿ ಹುಡುಗೂರು."

"ಹುಡುಗೂರು ಹೌದಲ್ಲೋ?"

ಸಂಗಣ್ಣ ಕಲ್ಲು ಕೈಬಿಟ್ಟು ಎದ್ದು ನಿಂತ. ತಾಯಿಯನ್ನು ನೋಡಿದ, ಮಳೆಯಲ್ಲಿ ತಾಳ್ಮೆಯಿಂದ ನಿಂತಿದ್ದ ಆ ಸಾಲನ್ನು ನೋಡಿದ. ಸಾಲಿನಲ್ಲಿ ಅವನ ಮಗಳೂ ಇದ್ದಳು, ಅಳುತ್ತಿರಲಿಲ್ಲ. ಅವನು ಹೋಗಿ ವ್ಯಾನಿನ ಬಾಗಿಲು ಸರಿಸಿದ.

ಬೂಟು, ಕಾಲುಚೀಲ ಬಿಚ್ಚಿಸಿ ಚೀಲದೊಳಗೆ ಹಾಕಿಸಿದ್ದಾಯಿತು. ಟೈ ಕಟ್ಟಿದವರು, ಗೊಬ್ಬರ ಚೀಲ ಹೊದ್ದವರು ಒಬ್ಬರ ನಡುವೆ ಒಬ್ಬರು ನಿಂತರು. ಅಫ್ರೋಜ ಅಳುವ ಹುಡುಗಿಯೊಬ್ಬಳಿಗೆ ತನ್ನ ಕೊಪ್ಪೆಯ ಅರ್ಧ ಕೊಟ್ಟಳು. ಎಲ್ಲರಿಗಿಂತ ಸಣ್ಣವನನ್ನು ಸಂಗಣ್ಣ ಹೆಗಲ ಮೇಲೆ ಕೂರಿಸಿಕೊಂಡ. ಹೆದ್ದಾರಿಗೆ ಬಂದಾಗ ತಾನೇ ಮುಂದೆ ಹೋಗಿ ಲಾರಿಗಳನ್ನು ತಡೆಯಲು ಹೊರಟ.

"ನೀ ಹಿಂದ ನಿಂದರು" ಎಂದಳು ತಾಯಿ. "ಹಿಂದ ಉಳದಾವ್ನ ನೋಡ್ಕೋ. ಮುಂದಿಂದು ನನಗ ಬಿಡು."

ಅವನು ಹಿಂದೆ ನಿಂತ. ಮಳೆಯ ಮಬ್ಬಿನಲ್ಲಿ ದೀಪ ಹಚ್ಚಿಕೊಂಡು ಬರುವ ಗಾಡಿಗಳೆದುರು ಕೋಲೆತ್ತಿ ನಿಂತ ತಾಯಿಯನ್ನು ಅಲ್ಲಿಂದ ಕಂಡ. ಚಿಕ್ಕಂದಿನಲ್ಲಿ ಅವನು ದಿನವೂ ಕಂಡ ಆಕಾರವೇ ಅದು. ಆ ದಿನಗಳಲ್ಲಿ ಅದರ ಹಿಂದೆ ನಡೆಯುವಾಗ ಅವನಿಗೆ ಎಂದೂ ಹೆದರಿಕೆಯಾಗಿರಲಿಲ್ಲ. ಗಾಡಿಗಳು ಎರಡೂ ಬದಿಗೆ ನಿಂತವು. ಸಾಲು ದಾಟಿತು.

ಶಾಲೆಯಲ್ಲಿ ಗೈಬುಸಾಬ ಮಾಸ್ತರರು ಕೋಣೆಯೊಳಗಿನ ಟೇಬಲ್ ಬಟ್ಟೆ, ತಮ್ಮ ಹೆಗಲ ಟವೆಲ್ಲು, ಕೈಗೆ ಸಿಕ್ಕಿದ್ದರಲ್ಲೆಲ್ಲ ಮಕ್ಕಳ ತಲೆ ಒರೆಸಿದರು. ಬಿಸಿ ಹಾಲು ಬಂತು. ಸಂಗಣ್ಣ ಒಬ್ಬೊಬ್ಬ ತಂದೆ ತಾಯಿಗೂ ಫೋನು ಮಾಡಿ ಮಕ್ಕಳು ಸುರಕ್ಷಿತ ಎಂದು ಹೇಳಿದ. ಕೊನೆಗೆ ಬಸಂತರಾಯರ ಫೋನು ಬಂತು. ಅವರ ದನಿ ವರಾಂಡದಲ್ಲಿ ನಿಂತ ಶೇವಂತೆವ್ವನಿಗೂ ಕೇಳಿಸಿತು.

"ನಮ್ಮ ಸಾಲಿ ಹುಡುಗೂರ್ನ ಒಯ್ದು ಸರಕಾರಿ ಸಾಲ್ಯಾಗ ಕುಂದರಿಸೀಯೇನು?"

"ಹೌದ್ರಿ" ಎಂದ ಸಂಗಣ್ಣ. "ಬೆಚ್ಚಗ ಕುಂತಾವ, ಹಾಲು ಕುಡ್ಯಾಕತ್ತಾವ. ನಿಮ್ಮ ವ್ಯಾನ್ ಇನ್ನೂ ರಾಡ್ಯಾಗ ಐತ್ರಿ. ಮಳಿ ನಿಂತ ಮ್ಯಾಲ ತಗದು, ತೊಳದು, ಕೀಲಿ ಸಮೇತ ತಂದ ಕೊಡ್ತೇನಿ. ಬ್ಯಾರೆ ಡ್ರೈವರ್ ನೋಡ್ಕೋರಿ."

ಭುವನೇಶ್ವರಿ ಪಾಠ ನಿಲ್ಲಿಸಿ ಬಾಗಿಲಲ್ಲಿ ನಿಂತು ಗಂಡನನ್ನು ನೋಡಿದಳು. ಆಮೇಲೆ ಒಳಗೆ ಹೋಗಿ ಇಂಗ್ಲಿಷ್ ಹಾಡನ್ನು ಮತ್ತೆ ಮೊದಲಿನಿಂದ ಶುರು ಮಾಡಿದಳು. ಟೈ ಕಟ್ಟಿದ ಮಕ್ಕಳಿಗೂ ಆ ಹಾಡು ಬರುತ್ತಿತ್ತು. ಎಲ್ಲರೂ ಕೂಡಿ ಹೇಳಿದ್ದು ಅಡುಗೆ ಕೋಣೆಯವರೆಗೆ ಕೇಳಿತು. ಮಧ್ಯಾಹ್ನ ಅನ್ನ ಸಾರು, ಬೇಯಿಸಿದ ಮೊಟ್ಟೆ. ಸಂಗಣ್ಣನ ಹೆಗಲೇರಿ ಬಂದ ಸಣ್ಣವನು ಎರಡು ಸಲ ಹಾಕಿಸಿಕೊಂಡ.

ಸಂಜೆ ಅವನ ತಂದೆ, ದರ್ಜಿ ಬಾಬುಲಾಲ, ಛತ್ರಿ ಹಿಡಿದು ಬಂದ. ಕೋಣೆಯನ್ನು ಸುತ್ತಲೂ ನೋಡಿದ. "ಟೀಚರ್ರ, ಇಲ್ಲಿ ಇಂಗ್ಲಿಷೂ ಹೇಳ್ತೀರೇನ್ರಿ?"

"ಒಂದನೇತ್ತಾದಿಂದನ ಹೇಳ್ತೇವ್ರಿ."

"ನಮಗ ಗೊತ್ತ ಇರಲಿಲ್ರಿ" ಎಂದ ಬಾಬುಲಾಲ. "ರೋಡ್ ದಾಟಿ ಈ ಕಡೆ ಬಂದ್ರಲ್ರಿ ಗೊತ್ತಾಗೂದು."

ಆ ವಾರವೇ ಅವನ ಮಗ ಸಾಲಿಗೆ ಬಂದು ಸೇರಿದ. ಅವನ ಹಿಂದೆ ಇನ್ನೂ ಕೆಲವರು ಬಂದರು. ಎಲ್ಲರೂ ಬರಲಿಲ್ಲ, ಬಸಂತರಾಯರ ಶಾಲೆಯೂ ನಡೆಯಿತು. ವ್ಯಾನಿಗೆ ಬೇರೆ ಡ್ರೈವರ್ ಬಂದ.

ಆ ಮಳೆಯ ಸಂಜೆ ಸಂಗಣ್ಣ ಸ್ನಾನ ಮಾಡಿ ಬಂದು ತನ್ನ ಜಾಗದಲ್ಲಿ ಕೂತ. ಶೇವಂತೆವ್ವ ಬಿಸಿ ರೊಟ್ಟಿ, ಜುಣಕ, ಮೇಲೆ ಒಂದು ಹಿಡಿ ಉಳ್ಳಾಗಡ್ಡಿ ಇಟ್ಟಳು.

"ಖಾನಾವಳಿ ರೊಟ್ಟಿ ಹೆಂಗಿದ್ದುವೋ?"

"ಚಲೋ ಇದ್ದುವಬೇ. ಮುಮ್ತಾಜಾರ ಕೇಂದ್ರದ್ದ ರೊಟ್ಟಿ."

ಭುವನೇಶ್ವರಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಭಾಗ್ಯಾ ಯಾಕೆಂದು ತಿಳಿಯದೆಯೇ ನಕ್ಕಳು. ಸಂಗಣ್ಣ ರೊಟ್ಟಿ ಮುರಿಯುತ್ತ, "ಕೆಲಸ ಸಿಗೂತನಕ ನಾನೂ ಬರ್ತೇನಿ, ಹಿಂದ ನಿಂದರಾಕ" ಎಂದ. ಶೇವಂತೆವ್ವ ಇನ್ನೊಂದು ರೊಟ್ಟಿ ತಾಟಿಗೆ ಹಾಕಿದಳು.

ಕೆಲಸ ಬೇಗನೇ ಸಿಕ್ಕಿತು. ತೊಗರಿ ಬೇಳೆ ಮಿಲ್ಲಿನ ಟೆಂಪೊ, ಹತ್ತು ಗಂಟೆಯ ಮೇಲೆ ಶುರುವಾಗುವ ಕೆಲಸ. ಬೆಳಗಿನ ಹೊತ್ತು ಅವನದೇ ಉಳಿಯಿತು. ಹಾಗಾಗಿ ಸಾಲಿನ ಹಿಂದೆ ನಿಲ್ಲುವುದೂ ತಪ್ಪಲಿಲ್ಲ.

ಆಗಸ್ಟಿನಲ್ಲಿ ಮೇಲಿನ ಆಫೀಸಿನವರು ಮಕ್ಕಳನ್ನು ಎಣಿಸಲು ಬಂದರು. ಎಣಿಸಿದರು, ನಂಬದೆ ಇನ್ನೊಮ್ಮೆ ಎಣಿಸಿದರು. ಶಾಲೆ ಕೂಡಿಸುವ ಮಾತನ್ನು ಯಾರೂ ಎತ್ತಲಿಲ್ಲ. ಭುವನೇಶ್ವರಿಯನ್ನು ಮುಂದುವರಿಸಿದ್ದಲ್ಲದೆ ಇನ್ನೊಬ್ಬ ಶಿಕ್ಷಕಿಯನ್ನು ಕೊಡುವುದಾಗಿಯೂ ಹೇಳಿದರು. ಅವರ ಜೀಪು ಹೊರಟ ಮೇಲೆ ಗೈಬುಸಾಬ ಮಾಸ್ತರರು ತಲೆ ಮೇಲೆ ಕೈ ಹೊತ್ತು ವರಾಂಡದಲ್ಲಿ ಕೂತರು.

"ಏನಾತ್ರಿ ಮಾಸ್ತರ?" ಎಂದು ಶೇವಂತೆವ್ವ ಕೇಳಿದಳು.

"ಹೋದ ವರ್ಷ ಸಾಲಿಗೆ ಮಕ್ಕಳಿಲ್ಲ ಅಂತ ನಿದ್ದಿ ಇರಲಿಲ್ಲವ್ವಾ. ಈ ವರ್ಷ ಮಕ್ಕಳಿಗೆ ಖೋಲಿ ಇಲ್ಲ. ಎಲ್ಲಿ ಕುಂದರಸ್ಲಿ?"

"ಅದು ನಿಮ್ಮ ಚಿಂತಿರಿ. ತಂದ ಬಿಡೂದ ಅಷ್ಟ ನನ್ನ ಕೆಲಸ."

ಮರುವಾರ ಹೆದ್ದಾರಿಯಲ್ಲಿ ಹೊಸ ಲಾರಿಯವನೊಬ್ಬ ಆಕೆಯೆದುರು ಬ್ರೇಕ್ ಹಾಕಿದ. ಈ ದಾರಿಗೆ ಹೊಸಬ, ಇದನ್ನು ಕಂಡವನಲ್ಲ. ಮೊದಲು ಹಾರ್ನ್ ಬಾರಿಸಿದ, ಆಮೇಲೆ ಸುಮ್ಮನೆ ನೋಡಿದ. ಮಕ್ಕಳು ಇಬ್ಬಿಬ್ಬರಾಗಿ ದಾಟುತ್ತಲೇ ಇದ್ದರು. ಸಾಲಿನ ತಲೆ ಶಾಲೆಯ ಗೇಟು ಮುಟ್ಟಿತ್ತು, ಬಾಲ ಇನ್ನೂ ಪ್ಲಾಟಿನ ತಿರುವಿನಲ್ಲಿತ್ತು. ಅವನು ಇಂಜಿನ್ ಬಂದ್ ಮಾಡಿ, ಬಾಗಿಲು ತೆರೆದು ಮೆಟ್ಟಿಲ ಮೇಲೆ ನಿಂತು ಕೂಗಿ ಕೇಳಿದ.

"ಯವ್ವಾ, ಮುಗದ್ವೇನಬೇ?"

ಶೇವಂತೆವ್ವ ಕೋಲು ಇಳಿಸಲಿಲ್ಲ, ಹಿಂದೆ ತಿರುಗಿ ನೋಡಲೂ ಇಲ್ಲ.

"ಇನ್ನೂ ಬರಾಕತ್ತಾವ ತಮ್ಮಾ" ಎಂದಳು. "ನಿಂದರು."